ಬೀಗದ ಕೈ ಯಾರಲ್ಲಿ?

ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ನಿವೃತ್ತ ಇಂಜಿನಿಯರರು ನನಗೆ ಬಹುಕಾಲದ ಸ್ನೇಹಿತರು. ಸಜ್ಜನರು, ಓದಿಕೊಂಡವರು; ವಾದಕ್ಕೆ ಕುಳಿತರೆಂದರೆ ಎದುರಿಗಿಟ್ಟ ಕಾಫಿ ಆರಿ ತಣ್ಣಗಾದುದೂ ಅವರಿಗೆ ತಿಳಿಯುವುದಿಲ್ಲ. ಮೊನ್ನೆ ಅವರು ಒಂದು ಮಾತು ತೆಗೆದರು: “ಗ್ರಂಥಾಲಯಗಳಿಗೆಲ್ಲ ಕಂಪ್ಯೂಟರ್ ಬರುತ್ತಿವೆ, ಸಂತೋಷ. ಆದರೆ ಅಂತರಜಾಲವನ್ನು ಹಾಗೆಯೇ ಬಾಯಿ ತೆರೆದು ಬಿಟ್ಟರೆ ಹೇಗೆ ಸ್ವಾಮಿ? ಒಂದು ಜರಡಿ ಹಾಕಿಬಿಡಬೇಕು. ಕಾಳು ಒಳಗೆ ಬರಲಿ, ಜೊಳ್ಳು ಹೊರಗೆ ಹೋಗಲಿ. ಅಮೆರಿಕದಂಥ ದೇಶದಲ್ಲಿಯೇ ಹಾಕಿದ್ದಾರೆ, ನಮಗೇನು ಧಾಡಿ?”

ಅಮೆರಿಕದಲ್ಲಿ ಹಾಕಿದ್ದಾರೆ ಎಂಬುದು ನಿಜ. ಒಂದು ಕೆಲಸ ಅಮೆರಿಕದಲ್ಲಿ ನಡೆಯಿತೆಂದರೆ ಅದಕ್ಕೆ ಬೇರೆ ಪ್ರಮಾಣವೇ ಬೇಡವೆಂದು ನಂಬುವವರು ನಮ್ಮಲ್ಲಿ ಬಹಳ ಜನ. ಆದರೆ ಅಲ್ಲಿ ಜರಡಿ ಹಾಕಿದ ಮೇಲೆ ಅದರಲ್ಲಿ ಉಳಿದದ್ದೇನು, ಸೋರಿದ್ದೇನು ಎಂದು ವಿಚಾರಿಸುವ ವ್ಯವಧಾನ ಈ ಜನಕ್ಕೆ ಇರುವುದಿಲ್ಲ. ಅದನ್ನು ವಿಚಾರಿಸಿ ನೋಡಿದ ಮೇಲೆ ನನ್ನ ಅಭಿಪ್ರಾಯ ನನ್ನ ಸ್ನೇಹಿತರದಕ್ಕೆ ಪೂರಾ ವಿರುದ್ಧವಾಯಿತು. ಸಾರ್ವಜನಿಕ ಗ್ರಂಥಾಲಯದಲ್ಲಿ ವಯಸ್ಕ ಓದುಗನ ಮುಂದಿನ ಕಂಪ್ಯೂಟರಿಗೆ ಕಾಣದ ಕೈಯೊಂದು ಕಣ್ಣುಪಟ್ಟಿ ಕಟ್ಟುವುದು ತಪ್ಪು. ಅದು ಗ್ರಂಥಾಲಯದ ಕೆಲಸವಲ್ಲ. ಗ್ರಂಥಾಲಯವೆಂಬ ಸಂಸ್ಥೆ ಹುಟ್ಟಿದ್ದು ಆ ಕೆಲಸವನ್ನು ತಪ್ಪಿಸುವುದಕ್ಕೆ.

ಮೊದಲು ನಡೆದ ಸಂಗತಿ. ಅಮೆರಿಕದ ಗ್ರಂಥಾಲಯಗಳು ಅಂತರಜಾಲದ ಸಂಪರ್ಕವನ್ನು ಕಡಿಮೆ ದರದಲ್ಲಿ ಪಡೆಯಲೆಂದು 1996ರ ದೂರಸಂಪರ್ಕ ಕಾನೂನಿನಡಿ ರಿಯಾಯಿತಿಯ ಏರ್ಪಾಡಾಯಿತು. ಹಣ ಕೊಟ್ಟ ಕೈ ಸುಮ್ಮನಿರುವುದಿಲ್ಲವಲ್ಲ. 2000ದ ಡಿಸೆಂಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ ಅವರು ಮಕ್ಕಳ ಅಂತರಜಾಲ ರಕ್ಷಣೆಯ ಕಾನೂನಿಗೆ ಅಂಕಿತ ಹಾಕಿದರು. ರಿಯಾಯಿತಿ ಬೇಕೆನ್ನುವ ಗ್ರಂಥಾಲಯ ತನ್ನ ಪ್ರತಿಯೊಂದು ಕಂಪ್ಯೂಟರಿಗೂ ಜರಡಿ ತಂತ್ರಾಂಶವನ್ನು ಅಳವಡಿಸಬೇಕು, ಇಲ್ಲವಾದರೆ ಹಣವಿಲ್ಲ. ಹೆಸರು ಮಕ್ಕಳದು, ಆದರೆ ಕಟ್ಟಳೆ ದೊಡ್ಡವರು ಕೂರುವ ಯಂತ್ರಕ್ಕೂ, ಗ್ರಂಥಾಲಯದ ಸಿಬ್ಬಂದಿಯ ಯಂತ್ರಕ್ಕೂ ಅನ್ವಯಿಸಿತು. ಹಣವಂತ ಊರಿನ ಗ್ರಂಥಾಲಯ ಬೇಕಾದರೆ ರಿಯಾಯಿತಿಯನ್ನು ಬೇಡವೆನ್ನಬಹುದು. ಬಡ ಊರಿನದು ಎನ್ನಲಾರದು. ಈ ಒಂದು ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಬೇಕಾಗುತ್ತದೆ.

ಕಾನೂನು ತಡೆಯಬೇಕೆಂದದ್ದು ಚಿತ್ರಗಳನ್ನು ಮಾತ್ರ: ಅಶ್ಲೀಲ ಚಿತ್ರ, ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ, ಓದುಗ ಅಪ್ರಾಪ್ತ ವಯಸ್ಕನಾಗಿದ್ದರೆ ಅವನಿಗೆ ಹಾನಿಕರವಾದ ಚಿತ್ರ. ಮಾತಿನ ಬಗೆಗೆ, ವಿಚಾರದ ಬಗೆಗೆ ಅದರಲ್ಲಿ ಸೊಲ್ಲಿಲ್ಲ. ಆದರೆ ಜರಡಿ ಮಾಡುವ ಯಂತ್ರಕ್ಕೆ ಚಿತ್ರ ನೋಡಿ ‘ಇದು ಅಶ್ಲೀಲ, ಇದು ಕಲೆ’ ಎಂದು ನಿರ್ಣಯಿಸುವ ವಿದ್ಯೆ ಆಗ ಇರಲಿಲ್ಲ. ಅದು ಹೆಚ್ಚಾಗಿ ಮಾತುಗಳನ್ನು ಹೆಕ್ಕಿ, ವಿಳಾಸಗಳನ್ನು ಹೆಕ್ಕಿ, ಗುಂಪುಗುಂಪಾಗಿ ಪಟ್ಟಿ ಮಾಡುತ್ತಿತ್ತು. ಇಂಗ್ಲೆಂಡಿನಲ್ಲಿ ಸ್ಕನ್‌ಥಾರ್ಪ್ ಎಂಬ ಊರಿದೆ. ಆ ಹೆಸರಿನ ಹೊಟ್ಟೆಯೊಳಗೆ ನಾಲ್ಕಕ್ಷರದ ಒಂದು ಹಲಸು ಮಾತು ಅಡಗಿದೆಯೆಂದು 1996ರಲ್ಲಿ ಅಮೆರಿಕದ ಒಂದು ಅಂತರಜಾಲ ಸಂಸ್ಥೆಯ ಯಂತ್ರ ಆ ಊರಿನವರನ್ನು ತಮ್ಮ ಊರಿನ ಹೆಸರು ಬರೆದು ಖಾತೆ ತೆರೆಯದಂತೆ ಮಾಡಿತು. ಸಂಧಿ ಬಿಡಿಸಲು ಬಾರದ ಹುಡುಗನನ್ನು ಪಂಡಿತರ ಸಭೆಗೆ ಅಧ್ಯಕ್ಷನನ್ನಾಗಿ ಕೂರಿಸಿದರೆ ಆಗುವುದೇ ಹೀಗೆ.

ಅಮೆರಿಕದ ಗ್ರಂಥಾಲಯ ಸಂಘ ಈ ಕಾನೂನನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ನ್ಯಾಯಾಲಯಕ್ಕೆ ಹೋಯಿತು. 2002ರಲ್ಲಿ ಫಿಲಡೆಲ್ಫಿಯದಲ್ಲಿ ಮೂವರು ನ್ಯಾಯಾಧೀಶರ ಮುಂದೆ ವಿಚಾರಣೆ ನಡೆದು, ಜರಡಿಗಳನ್ನು ಒಂದೊಂದಾಗಿ ಒಡ್ಡಿ ಪರೀಕ್ಷಿಸಲಾಯಿತು. ನಿರಪರಾಧಿಯಾದ ಪುಟಗಳನ್ನು ಅವು ಸಾವಿರಗಟ್ಟಲೆಯಾಗಿ ತಡೆಯುತ್ತವೆ, ತಡೆಯಬೇಕಾದುದನ್ನು ಅಷ್ಟೇ ಧಾರಾಳವಾಗಿ ಬಿಡುತ್ತವೆ ಎಂದು ಆ ಮೂವರೂ ಕಂಡುಕೊಂಡರು. ತಡೆಗೆ ಸಿಕ್ಕವರ ಪಟ್ಟಿಯನ್ನು ಓದಿದರೆ ನಗಬೇಕೋ ಅಳಬೇಕೋ ತಿಳಿಯದು. ಹಾಂಡುರಾಸ್ ದೇಶದ ಒಂದು ಕ್ರೈಸ್ತ ಅನಾಥಾಲಯ. ಕೆನಡದಲ್ಲಿ ಗಾಳ ಹಾಕಿ ಮೀನು ಹಿಡಿಯುವವರಿಗೆ ನೆರವಾಗುವ ಒಂದು ಅಂಗಡಿ. ಕೈಕಾಲು ಕಳೆದುಕೊಂಡವರ ಒಂದು ಸಹಾಯಸಂಘ. ಇವುಗಳ ಜೊತೆಯಲ್ಲಿ ಟೆನ್‌ಜಿನ್ ಪಾಲ್ಮೊ ಎಂಬ ಬೌದ್ಧ ಸನ್ಯಾಸಿನಿಯ ಪುಟವೂ ಇತ್ತು. ಈಕೆ ಲಂಡನ್ನಿನಲ್ಲಿ ಬೆಳೆದು, ನಮ್ಮ ಹಿಮಾಲಯದ ಲಾಹೌಲ್ ಕಣಿವೆಯ ಗುಹೆಯೊಂದರಲ್ಲಿ ಹನ್ನೆರಡು ವರ್ಷ ತಪಸ್ಸು ಮಾಡಿದಾಕೆ. ಹಿಮಾಚಲ ಪ್ರದೇಶದಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಸನ್ಯಾಸಿನಿಯರ ಮಠ ಕಟ್ಟಬೇಕೆಂದು ಆಕೆ ತಮ್ಮ ಪುಟದಲ್ಲಿ ವಿವರ ಹಾಕಿದ್ದರು. ಯಂತ್ರ ಅದನ್ನು ಯಾವ ಗುಂಪಿಗೆ ಸೇರಿಸಿತು ಗೊತ್ತೇ? ‘ನಗ್ನತೆ’!

ಬೈಲಕುಪ್ಪೆಗೆ ಹೋಗಿ ಬಂದವರು ಬೌದ್ಧ ಸನ್ಯಾಸಿನಿಯರನ್ನು ಕಂಡಿದ್ದಾರೆ. ಕುತ್ತಿಗೆಯಿಂದ ಕಾಲ್ಬೆರಳಿನವರೆಗೆ ಕೆಂಪು ವಸ್ತ್ರ ಹೊದ್ದ ಅವರಿಗೇ ಈ ಗತಿಯಾದರೆ, ಕೂದಲನ್ನೇ ಉಡುಪಾಗಿ ಉಟ್ಟು ಕಲ್ಯಾಣಕ್ಕೆ ನಡೆದುಬಂದ ನಮ್ಮ ಅಕ್ಕಮಹಾದೇವಿಯ ಪಾಡೇನಾಗಬಹುದು? ಸಾವಿರ ವರ್ಷದಿಂದ ಬೆಟ್ಟದ ಮೇಲೆ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿರುವ ಶ್ರವಣಬೆಳಗೊಳದ ಗೊಮ್ಮಟನನ್ನು ಜರಡಿಯ ಯಾವ ತೂತಿನಲ್ಲಿ ಇಳಿಸೋಣ? ಯಂತ್ರ ಈಗ ಜಾಣವಾಗಿದೆ, ಹಿಂದಿನಂತಿಲ್ಲ ಎನ್ನುತ್ತಾರೆ. ಇರಬಹುದು. ಆದರೆ ಜಾಣತನ ಹೆಚ್ಚಿದ ಮಾತ್ರಕ್ಕೆ ಅಧಿಕಾರ ಬರುವುದಿಲ್ಲ. ನನ್ನ ಪಕ್ಕದ ಮನೆಯವರು ನನಗಿಂತ ಜಾಣರೆಂದು ನನ್ನ ಅಂಚೆಯನ್ನು ಅವರ ಕೈಯಲ್ಲಿ ಒಡೆಸಲು ನಾನು ಸಿದ್ಧನಿಲ್ಲ.

ಇದಕ್ಕೂ ಮೊದಲೇ, ವರ್ಜೀನಿಯದ ಲೌಡನ್ ಎಂಬ ಕೌಂಟಿಯಲ್ಲಿ ಒಂದು ಮೊಕದ್ದಮೆ ನಡೆದಿತ್ತು. ಅಲ್ಲಿನ ಗ್ರಂಥಾಲಯದ ಆಡಳಿತ ಮಂಡಳಿ 1997ರಲ್ಲಿ ಎಲ್ಲ ಯಂತ್ರಗಳಿಗೂ ಜರಡಿ ಹಾಕಿಸಿತು. ತಡೆದ ಪುಟ ಬೇಕೆನ್ನುವ ಓದುಗ ತನ್ನ ಹೆಸರು, ಟೆಲಿಫೋನ್ ಸಂಖ್ಯೆ, ಏತಕ್ಕೆ ಬೇಕೆಂಬ ಕಾರಣ ಎಲ್ಲವನ್ನೂ ಬರೆದು ಅರ್ಜಿ ಕೊಡಬೇಕು. ಊರಿನವರೇ ಕೆಲವರು ಸೇರಿ ದಾವೆ ಹೂಡಿದರು. ತಮ್ಮನ್ನು ಅನ್ಯಾಯವಾಗಿ ತಡೆದಿದ್ದಾರೆಂದು ಜೊತೆಗೂಡಿದವರಲ್ಲಿ, ಬೇರೆ ಬೇರೆ ಕಾಲದಲ್ಲಿ ನಿಷೇಧಕ್ಕೊಳಗಾದ ಪುಸ್ತಕಗಳ ಪಟ್ಟಿಯನ್ನು ಇಟ್ಟಿದ್ದ ಒಂದು ಪುಟದವರೂ ಇದ್ದರು. ಮೊಕದ್ದಮೆಯನ್ನು ಆಲಿಸಿದವರು ನ್ಯಾಯಾಧೀಶೆ ಲಿಯೋನಿ ಬ್ರಿಂಕೆಮ. ಇವರು ಕಾನೂನಿಗೆ ಬರುವ ಮೊದಲು ಗ್ರಂಥಾಲಯ ಶಾಸ್ತ್ರದಲ್ಲಿ ಪದವಿ ಪಡೆದವರು ಎಂಬುದು ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಅಂಶ. ಅಂತರಜಾಲವೆಂಬುದು ಒಟ್ಟಾಗಿ ಕೊಂಡುತಂದ ವಿಶ್ವಕೋಶದಂತೆ. ತಂದ ಮೇಲೆ ಕೂತು ಬೇಡವಾದ ಭಾಗಕ್ಕೆ ಮಸಿ ಬಳಿಯುವುದು ಪುಸ್ತಕದ ಆಯ್ಕೆಯಲ್ಲ, ತೆಗೆದುಹಾಕುವಿಕೆ ಎಂಬ ಅರ್ಥದಲ್ಲಿ ಅವರು ವಿವೇಚಿಸಿದರು. 1998ರ ನವೆಂಬರಿನಲ್ಲಿ ಆ ನೀತಿಯನ್ನು ಅಸಿಂಧುಗೊಳಿಸಿದರು.

ಆದರೆ ಕೊನೆಯ ಮಾತು ಸರ್ವೋಚ್ಚ ನ್ಯಾಯಾಲಯದ್ದು. 2003ರ ಜೂನಿನಲ್ಲಿ ಅದು ಆರು ಮೂರರ ಅಂತರದಿಂದ ಕಾನೂನನ್ನು ಎತ್ತಿಹಿಡಿಯಿತು. ಮುಖ್ಯ ನ್ಯಾಯಾಧೀಶ ರೆನ್‌ಕ್ವಿಸ್ಟ್ ಅವರ ತರ್ಕ ಇಷ್ಟು: ಗ್ರಂಥಾಲಯ ಅಶ್ಲೀಲ ಪುಸ್ತಕಗಳನ್ನು ಕೊಳ್ಳುವುದಿಲ್ಲ, ಹಾಗೆಯೇ ಅಶ್ಲೀಲ ಪುಟಗಳನ್ನು ತೋರಿಸದಿದ್ದರೆ ತಪ್ಪೇನು? ಮೇಲಾಗಿ, ವಯಸ್ಕ ಓದುಗ ಕೇಳಿದರೆ ಗ್ರಂಥಪಾಲಕ ಜರಡಿ ತೆಗೆಯುತ್ತಾನೆ. ಕಾರಣ ಹೇಳಬೇಕಾಗಿಯೂ ಇಲ್ಲವೆಂದು ಸರಕಾರದ ಪರ ವಕೀಲರು ಭರವಸೆ ಕೊಟ್ಟಿದ್ದಾರೆ. ಕೇಳುವುದಕ್ಕೆ ಸಂಕೋಚವಾಗುತ್ತದೆ ಎಂದರೆ, ಸಂಕೋಚವಿಲ್ಲದೆ ಓದುವ ಹಕ್ಕನ್ನು ಸಂವಿಧಾನ ಯಾರಿಗೂ ಕೊಟ್ಟಿಲ್ಲ.

ಮೊದಲನೆಯ ಮಾತಿಗೆ ಅದೇ ನ್ಯಾಯಪೀಠದ ಸೌಟರ್ ಅವರು ತಮ್ಮ ಭಿನ್ನಮತದಲ್ಲಿ ಉತ್ತರ ಕೊಟ್ಟಿದ್ದಾರೆ. ಪುಸ್ತಕದ ಆಯ್ಕೆಗೆ ಕಾರಣ ಹಣದ ಕೊರತೆ, ಜಾಗದ ಕೊರತೆ. ಒಂದು ಕೊಂಡರೆ ಇನ್ನೊಂದನ್ನು ಬಿಡಬೇಕು. ಅಂತರಜಾಲದಲ್ಲಿ ಒಂದು ಪುಟವನ್ನು ಬಿಟ್ಟರೆ ಇನ್ನೊಂದು ಪುಟಕ್ಕೆ ಜಾಗವಾಗುತ್ತದೆಯೇ? ಕಾಸು ಉಳಿಯುತ್ತದೆಯೇ? ಇಲ್ಲ; ತಡೆಯಲೆಂದೇ ಹೆಚ್ಚಿನ ಕಾಸು ತೆರಬೇಕು. ಇದು ವಿಶ್ವಕೋಶವನ್ನು ಕೊಂಡುತಂದು ಅದರ ಹಾಳೆಗಳನ್ನು ಕತ್ತರಿಸಿದಂತೆ.

ಎರಡನೆಯ ಮಾತಿಗೆ, ಸಂಕೋಚದ ಮಾತಿಗೆ, ನಾನು ನನ್ನ ಅನುಭವದಿಂದಲೇ ಉತ್ತರ ಹೇಳಬಲ್ಲೆ. ನಾನು ಹುಡುಗನಾಗಿದ್ದಾಗ ನಮ್ಮ ಊರಿನ ವಾಚನಾಲಯದಲ್ಲಿ ಪುಸ್ತಕಗಳೆಲ್ಲ ಗಾಜಿನ ಬೀರುಗಳಲ್ಲಿದ್ದವು. ಬೆನ್ನು ಕಾಣುತ್ತಿತ್ತು, ಹೊಟ್ಟೆ ಕಾಣುತ್ತಿರಲಿಲ್ಲ. ಬೀಗದ ಕೈ ಗೊಂಚಲು ಅಲ್ಲಿನ ಯಜಮಾನರ ಜನಿವಾರದಲ್ಲಿ. ಒಳ್ಳೆಯ ಮನುಷ್ಯ, ಯುಗಾದಿಗೆ ನಮ್ಮ ಮನೆಗೆ ಬಂದು ಒಬ್ಬಟ್ಟು ತಿಂದು ಹೋಗುತ್ತಿದ್ದವರು. ಹದಿನೇಳನೆಯ ವಯಸ್ಸಿನಲ್ಲಿ ನಾನು ಒಂದು ಕಾದಂಬರಿಯ ಹೆಸರು ಹೇಳಿ ಕೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, ಪತ್ರಿಕೆ ಓದುತ್ತಿದ್ದ ಹತ್ತು ಹನ್ನೆರಡು ಜನ ದೊಡ್ಡವರಿಗೂ ಕೇಳುವಂತೆ, “ನಿಮ್ಮ ತಂದೆಗೆ ಗೊತ್ತೇನೋ ಇದು?” ಎಂದರು. ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಪತ್ರಿಕೆಗಳು ಒಂದೊಂದಾಗಿ ಕೆಳಗಿಳಿದು ಅವುಗಳ ಹಿಂದಿನಿಂದ ಮುಖಗಳು ಮೇಲೆ ಬಂದವು. ನಾನು “ಬೇಡ, ಬಿಡಿ” ಎಂದು ಹೇಳಿ ಹೊರಟುಬಂದೆ. ಆಮೇಲೆ ಎರಡು ವರ್ಷ ಆ ಮೆಟ್ಟಿಲು ಹತ್ತಲಿಲ್ಲ. ಆ ಕಾದಂಬರಿಯನ್ನು ಮುಂದೆ ಓದಿದೆ. ಅದರಲ್ಲಿ ಅಂಥದೇನೂ ಇರಲಿಲ್ಲ. ಬಹಳ ನೀರಸವಾದ ಪುಸ್ತಕ.

ಈಗ ಆಲೋಚಿಸಿ. ಗುಪ್ತರೋಗದ ಅನುಮಾನ ಹೊತ್ತು ಬಂದ ಒಬ್ಬ ಯುವಕ, ಗಂಡನ ಹೊಡೆತದಿಂದ ಪಾರಾಗುವ ಕಾನೂನು ಯಾವುದೆಂದು ಹುಡುಕಲು ಬಂದ ಒಬ್ಬ ಹೆಂಗಸು, ಇವರು ಎದ್ದುಹೋಗಿ ಮೇಜಿನ ಮುಂದೆ ನಿಂತು “ದಯವಿಟ್ಟು ಜರಡಿ ತೆಗೆಯಿರಿ” ಎಂದು ಕೇಳುತ್ತಾರೆಯೇ? ಸಣ್ಣ ಊರಿನಲ್ಲಿ ಗ್ರಂಥಪಾಲಕ ಅವಳ ಗಂಡನ ಸ್ನೇಹಿತನಿರಬಹುದು, ಸೋದರಮಾವನೂ ಇರಬಹುದು. ಸಂಕೋಚವನ್ನು ಗೆದ್ದು ಕೇಳುವವರು ಯಾರೆಂದರೆ, ಲಜ್ಜೆಯನ್ನು ಮೊದಲೇ ಬಿಟ್ಟವರು. ಯಾರನ್ನು ತಡೆಯಲೆಂದು ಬೇಲಿ ಹಾಕಿದೆವೋ ಅವರು ಬೇಲಿ ಹಾರುತ್ತಾರೆ. ಮರ್ಯಾದಸ್ಥರು ಹಿಂದಕ್ಕೆ ಹೋಗುತ್ತಾರೆ.

ಕೇಳಿದರೆ ತೆಗೆಯುತ್ತಾರೆ ಎಂಬ ಭರವಸೆಯ ಗತಿಯೇನಾಯಿತು? ವಾಷಿಂಗ್‌ಟನ್ ರಾಜ್ಯದ ಐದು ಕೌಂಟಿಗಳಲ್ಲಿ ಹರಡಿದ ಒಂದು ಗ್ರಾಮೀಣ ಗ್ರಂಥಾಲಯ ವ್ಯವಸ್ಥೆ, ವಯಸ್ಕರು ಕೇಳಿದರೂ ಜರಡಿಯನ್ನು ತೆಗೆಯುವುದಿಲ್ಲವೆಂದು ನಿಯಮ ಮಾಡಿತು. ಬೇಕಾದರೆ ಇಂಥ ಪುಟವೆಂದು ಹೇಳಿ, ನಾವು ನೋಡಿ ತೀರ್ಮಾನಿಸುತ್ತೇವೆ ಎಂದಿತು. ದಾವೆಗೆ ಹೋದವರಲ್ಲಿ ಒಬ್ಬಾಕೆ ಮದ್ಯ ಮಾದಕಗಳ ವ್ಯಸನದ ಬಗೆಗೆ ತನ್ನ ವಿದ್ಯಾಭ್ಯಾಸಕ್ಕಾಗಿ ಹುಡುಕುತ್ತಿದ್ದ ಹೆಂಗಸು. 2010ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಗ್ರಂಥಾಲಯದ ಪರವಾಗಿಯೇ ತೀರ್ಪಿತ್ತಿತು. ಭರವಸೆ ಕೊಟ್ಟ ಏಳು ವರ್ಷದಲ್ಲಿ ಅದರ ಆಯುಷ್ಯ ಮುಗಿಯಿತು ಎನ್ನಬೇಕು. ಮಿಸೂರಿ ರಾಜ್ಯದ ಸೇಲಂ ಎಂಬ ಚಿಕ್ಕ ಊರಿನಲ್ಲಿ ಇನ್ನೊಂದು ವಿಚಿತ್ರ. ಅಮೆರಿಕದ ಮೂಲನಿವಾಸಿಗಳ ಧರ್ಮದ ಬಗೆಗೆ ಓದಹೊರಟ ಮಹಿಳೆಗೆ ಯಂತ್ರ ಅಡ್ಡ ಬಂದಿತು. ಆ ವಿಷಯ ‘ಮಾಟಮಂತ್ರ’ದ ಗುಂಪಿನಲ್ಲಿತ್ತು! ಅಶ್ಲೀಲ ಚಿತ್ರಕ್ಕೆಂದು ಹಾಕಿದ ಬಲೆಯಲ್ಲಿ ಒಂದು ಜನಾಂಗದ ದೇವರು ಸಿಕ್ಕಿಬಿದ್ದ. 2012ರಲ್ಲಿ ಹೂಡಿದ ಆ ಮೊಕದ್ದಮೆ ಮರುವರ್ಷ ಇತ್ಯರ್ಥವಾಗಿ, ಗ್ರಂಥಾಲಯ ಅಂಥ ತಡೆಯನ್ನು ಬಿಡಬೇಕಾಯಿತು. ಬೇಲಿಗೆ ಸ್ವಭಾವವೇ ಬೆಳೆಯುವುದು. ಮೊದಲು ಹೊಲದಂಚಿನಲ್ಲಿ, ಆಮೇಲೆ ಹೊಲದಲ್ಲಿ.

ಜರಡಿಯ ತೂತು ಎಷ್ಟು ದಪ್ಪ ಎಂಬುದನ್ನಾದರೂ ಓದುಗ ನೋಡಬಹುದೇ? ಅದೂ ಇಲ್ಲ. ಯಾವ ಯಾವ ಪುಟ ತಡೆದಿದೆ ಎಂಬ ಪಟ್ಟಿ ತಂತ್ರಾಂಶದ ಕಂಪನಿಗಳ ವ್ಯಾಪಾರ ರಹಸ್ಯ. ಆ ಬೀಗ ಒಡೆದು ಪಟ್ಟಿ ನೋಡಿದರೆ ಕೃತಿಸ್ವಾಮ್ಯದ ಕಾನೂನಿನ ಭಯ. 2000ದಲ್ಲಿಯೂ 2003ರಲ್ಲಿಯೂ ಆ ಕಾನೂನಿನಿಂದ ಈ ಪಟ್ಟಿಗಳ ಪರಿಶೀಲನೆಗೆ ವಿನಾಯಿತಿ ಕೊಟ್ಟಿದ್ದರು. 2006ರಲ್ಲಿ ಅದನ್ನು ಮುಂದುವರಿಸಲಿಲ್ಲ. ಎಂದರೆ, ಊರಿನ ತೆರಿಗೆಯಿಂದ ನಡೆಯುವ ಗ್ರಂಥಾಲಯದಲ್ಲಿ ಊರಿನವರು ಏನು ಓದಬಾರದೆಂಬುದನ್ನು ದೂರದ ಕಂಪನಿಯೊಂದು ಗುಟ್ಟಾಗಿ ನಿರ್ಧರಿಸುತ್ತದೆ. ಗ್ರಂಥಪಾಲಕನಿಗೂ ತಿಳಿಯದು. ನಮ್ಮೂರಿನ ಯಜಮಾನರ ಜನಿವಾರದಲ್ಲಿದ್ದ ಬೀಗದ ಕೈಯನ್ನಾದರೂ ನಾವು ಕಣ್ಣಿನಿಂದ ನೋಡುತ್ತಿದ್ದೆವು.

ಎದುರುಪಕ್ಷದಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಮಿನಿಯಾಪೊಲಿಸ್ ನಗರದ ಗ್ರಂಥಾಲಯದ ನೌಕರರು, ಅವರಲ್ಲಿ ಹೆಚ್ಚಿನವರು ಹೆಂಗಸರು, 2000ದಲ್ಲಿ ಒಂದು ದೂರು ಕೊಟ್ಟರು. ಕೆಲವರು ದಿನವಿಡೀ ಯಂತ್ರಗಳ ಮುಂದೆ ಕುಳಿತು ಹೊಲಸು ಚಿತ್ರಗಳನ್ನು ನೋಡುತ್ತಾರೆ, ಅದರ ನಡುವೆ ನಾವು ಕೆಲಸ ಮಾಡುವುದು ಹೇಗೆ ಎಂಬುದು ಅವರ ಅಳಲು. ದೂರಿನಲ್ಲಿ ಹುರುಳಿದೆಯೆಂದು ಸಮಾನ ಉದ್ಯೋಗಾವಕಾಶದ ಆಯೋಗ ಕಂಡುಕೊಂಡಿತು. 2003ರಲ್ಲಿ 12 ಮಂದಿಗೆ ಒಟ್ಟು 4,35,000 ಡಾಲರ್ ಪರಿಹಾರ ಸಂದಿತು. ಆ ತಾಯಂದಿರ ಸಂಕಟವನ್ನು ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ಹಗುರಾಗಿ ನೋಡುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಅವರನ್ನು ನೋಯಿಸಿದ್ದು ಒಬ್ಬ ಮನುಷ್ಯನ ನಡತೆ. ವಾಚನಾಲಯದಲ್ಲಿ ಗಟ್ಟಿಯಾಗಿ ಮಾತನಾಡಿದರೆ, ಹೊಗೆಬತ್ತಿ ಹಚ್ಚಿದರೆ, ಪಕ್ಕದವರನ್ನು ಕೆಣಕಿದರೆ ಎಬ್ಬಿಸಿ ಕಳಿಸುವ ನಿಯಮ ಇದ್ದೇ ಇದೆ. ಅದೇ ನಿಯಮದಿಂದ ಇವನನ್ನೂ ಎಬ್ಬಿಸಿ. ಸರದಿಗೆ ಗಂಟೆಯ ಮಿತಿ ಇರಲಿ. ಪರದೆ ಪಕ್ಕದವರಿಗೆ ಕಾಣದಂತೆ ಮರೆಯ ಫಲಕ ಇರಲಿ. ಮಕ್ಕಳ ವಿಭಾಗ ಬೇರೆ, ಅಲ್ಲಿನ ಯಂತ್ರ ಬೇರೆ, ಅಲ್ಲಿ ಕಣ್ಣಿಡುವ ಒಬ್ಬ ಮನುಷ್ಯ ಬೇರೆ. ಅಲ್ಲಿ ಜರಡಿ ಬೇಕೆಂದರೆ ನನ್ನ ತಕರಾರು ಬಹಳ ಇಲ್ಲ. ಇದಕ್ಕೆಲ್ಲ ಸಂಬಳ ಕೊಟ್ಟು ಜನರನ್ನು ಇಡಬೇಕು. ಜರಡಿ ಅಗ್ಗ. ನಿಜವಾದ ಕಾರಣ ಅದೇ ಎಂದು ನನ್ನ ಗುಮಾನಿ.

ಈಗ ನೆನಪಿನಲ್ಲಿಡಿ ಎಂದಿದ್ದ ಅಂಶಕ್ಕೆ ಬರುತ್ತೇನೆ. ನನ್ನ ಸ್ನೇಹಿತರ ಕಿಸೆಯಲ್ಲಿ ಫೋನಿದೆ, ಮನೆಯಲ್ಲಿ ಎರಡು ಕಂಪ್ಯೂಟರಿವೆ. ಅವುಗಳಲ್ಲಿ ಯಾವುದಕ್ಕೂ ಅವರು ಜರಡಿ ಹಾಕಿಸಿಲ್ಲ. ಗ್ರಂಥಾಲಯದ ಯಂತ್ರದ ಮುಂದೆ ಕೂರುವವನು ಯಾರು? ಕೆಲಸಕ್ಕೆ ಅರ್ಜಿ ಹಾಕಲು ಬಂದ ಹುಡುಗ, ಪರೀಕ್ಷೆಗೆ ಓದುವ ಕೂಲಿಯವನ ಮಗಳು, ಮನೆಯ ಒಂದೇ ಫೋನು ಗಂಡನ ಕೈಯಲ್ಲಿರುವ ಗೃಹಿಣಿ. ಈ ಕಟ್ಟುಪಾಡು ಬೀಳುವುದು ಅವರ ಮೇಲೆ ಮಾತ್ರ. ಉಳ್ಳವರಿಗೆ ಇಡೀ ಲೋಕ, ಇಲ್ಲದವರಿಗೆ ಜರಡಿ ಹಿಡಿದ ಲೋಕ ಎಂದಾದರೆ ಅದನ್ನು ನೀತಿಯೆಂದು ಕರೆಯಲು ನನಗೆ ನಾಲಗೆ ಹೊರಳುವುದಿಲ್ಲ.

ಇದು ಪರದೇಶದ ಪುರಾಣ, ನಮಗೇಕೆ ಎಂದೀರಿ. ನಮ್ಮಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯಗಳ ಕಾನೂನಿದೆ. ನೀವು ನಾನು ಕಟ್ಟುವ ಆಸ್ತಿ ತೆರಿಗೆಯ ರಸೀದಿಯನ್ನು ತೆಗೆದು ನೋಡಿ: ಅದರಲ್ಲಿ ಗ್ರಂಥಾಲಯದ ಕರವೆಂದು ರೂಪಾಯಿಗೆ 6 ಪೈಸೆ ಸೇರಿರುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ, ಅನೇಕ ಕಡೆ ಅಲ್ಲಿಗೂ ಕಂಪ್ಯೂಟರ್ ಬಂದಿದೆ. ಇನ್ನು ಜರಡಿಯ ಮಾರಾಟಗಾರರು ಬರುವುದು ತಡವಾಗಲಾರದು. ಅದಕ್ಕೆ ಹಾದಿ ಹಾಕಿಕೊಟ್ಟ ಹಾಗೆ, 2011ರ ಸೈಬರ್ ಕೆಫೆ ನಿಯಮಗಳಿವೆ. ಗುರುತಿನ ಚೀಟಿ ತೋರಿಸಬೇಕು. ಯಾರು ಏನು ನೋಡಿದರೆಂಬ ದಾಖಲೆಯನ್ನು ಒಂದು ವರ್ಷ ಇಟ್ಟುಕೊಳ್ಳಬೇಕು. ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು. ಜರಡಿ ತಂತ್ರಾಂಶವನ್ನು ಹಾಕಬಹುದು. ಏನನ್ನು ತಡೆಯಲು? ಅಶ್ಲೀಲ, ಭಯೋತ್ಪಾದನೆ, ಜೊತೆಗೆ ‘ಇತರ ಆಕ್ಷೇಪಾರ್ಹ’ ವಿಷಯಗಳು. ಯಾರ ಆಕ್ಷೇಪ? ಹೇಳಿಲ್ಲ. ಕೆಫೆಗೆಂದು ಹೊಲಿದ ಈ ಅಂಗಿಯನ್ನು ಗ್ರಂಥಾಲಯಕ್ಕೆ ತೊಡಿಸುವುದು ಒಂದು ಸುತ್ತೋಲೆಯ ಕೆಲಸ.

ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್. ಆರ್. ರಂಗನಾಥನ್ ಅವರು ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿಯೇ ಒಂದು ಸಂಶೋಧನ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕ ಇರುವುದು ಬಳಸಲಿಕ್ಕೆಂದು ಸಾರುತ್ತದೆ. ಇಷ್ಟು ಸಾಮಾನ್ಯವಾದ ಮಾತನ್ನು ಸೂತ್ರವಾಗಿ ಬರೆಯಬೇಕೇ ಎಂದು ಕೇಳಬಹುದು. ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿದಿದ್ದ ಕಥೆಯನ್ನು ಹೇಳಿಯೇ ಅವರು ಅದನ್ನು ವಿವರಿಸಿದರು. ಮದರಾಸಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಓದುಗನೇ ಕಪಾಟಿನ ಬಳಿ ಹೋಗಿ ಪುಸ್ತಕ ಆರಿಸಿಕೊಳ್ಳುವ ಪದ್ಧತಿಯನ್ನು ತಂದದ್ದೂ ಅವರೇ. ಆ ಸರಪಳಿ ಬಿಚ್ಚಲು ಶತಮಾನಗಳು ಬೇಕಾದವು.

ಇದನ್ನೆಲ್ಲ ನನ್ನ ಸ್ನೇಹಿತರಿಗೆ ಹೇಳಿದೆ. ಅವರು ಸೋಲೊಪ್ಪಲಿಲ್ಲ, ಒಪ್ಪುವ ಜಾತಿಯವರೂ ಅಲ್ಲ. “ಹಾಗಾದರೆ ಹಾಕಲೇಬೇಕು ಎಂದು ಸರಕಾರ ಹಟ ಹಿಡಿದರೆ?” ಎಂದರು. ಹಾಗಿದ್ದರೆ ನನ್ನ ಕರಾರು ಇದು: ಯಾವ ಯಾವ ಗುಂಪುಗಳನ್ನು ತಡೆದಿದೆ, ಯಾರ ಆಜ್ಞೆಯಿಂದ ತಡೆದಿದೆ ಎಂಬುದನ್ನು ಕನ್ನಡದಲ್ಲಿ ಬರೆದು ಗ್ರಂಥಾಲಯದ ಬಾಗಿಲಿನ ಪಕ್ಕದಲ್ಲಿ ತೂಗುಹಾಕಬೇಕು, ಹದಿನೆಂಟು ದಾಟಿದ ಓದುಗ ಯಾರ ಮುಂದೆಯೂ ನಿಲ್ಲದೆ, ಕಾರಣ ಹೇಳದೆ, ಕುಳಿತಲ್ಲಿಯೇ ಒಂದು ಗುಂಡಿ ಒತ್ತಿ ಜರಡಿಯನ್ನು ತೆಗೆಯುವಂತಿರಬೇಕು. ಸ್ನೇಹಿತರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಮೇಲೆ ಜರಡಿ ಇದ್ದು ಏನು ಪ್ರಯೋಜನ?” ಎಂದು ಕೇಳಿದರು. ಅವರ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಒಳಗಿನಿಂದ ಇನ್ನೊಂದು ಲೋಟ ಬಂದಿತು.